ಕೊನ್ರಾಡ್ ಕೊರೆದ ಗದ್ದ

ಕೊನ್ರಾಡ್ ಮಥಾಯಸ್‌ಗೆ ದಿನಪತ್ರಿಕೆ ಓದಲು ಕನ್ನಡಿ ಬೇಕಾಗುತ್ತಿತ್ತು. ಉಕ್ಕಿನ ಅಚ್ಚಿನ ಮೇಲೆ ಅಕ್ಷರಗಳನ್ನು ಎಡಬಲ ತಿರುಗಿಸಿ ಕೊರೆಯುವುದು ಅವನ ಕಸುಬು. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ ಮೇಲೆ ನೇರವಾದ ಅಕ್ಷರ ಕಂಡರೆ ಅವನಿಗೆ ತಲೆ ಸುತ್ತುತ್ತಿತ್ತು. ಆಂಬುಲೆನ್ಸಿನ ಮೂತಿಯ ಮೇಲೆ ತಿರುಗಿಸಿ ಬರೆದಿರುವ ಹೆಸರನ್ನು ಇಡೀ ಕುವೈತಿನಲ್ಲಿ ಸರಾಗವಾಗಿ ಓದುತ್ತಿದ್ದ ಪಾದಚಾರಿ ಅವನೊಬ್ಬನೇ. ಬಲದಿಂದ ಎಡಕ್ಕೆ ಹೋಗುವ ಅರಬ್ಬಿಯಂತೂ ವಿಮಾನ ಇಳಿದ ದಿನವೇ ಬಂದುಬಿಟ್ಟಿತು ಎಂದು ಅವನು ಹೇಳಿಕೊಳ್ಳುತ್ತಿದ್ದ. ಅರ್ಥ ಮಾತ್ರ ಇನ್ನೂ ಬಂದಿರಲಿಲ್ಲ.

ಊರು ಶಿರ್ವದ ಹತ್ತಿರ. ಅವನ ಅಪ್ಪ ಬಸ್ತ್ಯಾಂವ್, ಇಗರ್ಜಿಯ ದಾಖಲೆಯಲ್ಲಿ ಸೆಬಾಸ್ಟಿಯನ್, ಸಮಾಧಿಯ ಕಲ್ಲು ಕೆತ್ತುವವರು. ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ಶಿಲುಬೆ, ದೇವದೂತ, ಬಳ್ಳಿ ಎಲ್ಲವನ್ನೂ ಕೆತ್ತಿ ಸಾಲಾಗಿ ನಿಲ್ಲಿಸಿಡುತ್ತಿದ್ದರು. ಹೆಸರಿನ ಜಾಗ ಮಾತ್ರ ಖಾಲಿ. ಮುಂದಿನ ಗಿರಾಕಿ ಯಾರೆಂದು ಯಾರಿಗೆ ಗೊತ್ತು? ಊರಿನ ಮುದುಕರು ಆ ದಾರಿಯಲ್ಲಿ ಹೋಗುವಾಗ ಛತ್ರಿಯನ್ನು ಆ ಕಡೆಗೆ ಓರೆ ಮಾಡಿಕೊಂಡು ಬೇಗ ಬೇಗ ದಾಟುತ್ತಿದ್ದರಂತೆ. ಕೊನ್ರಾಡ್ ಉಳಿ ಹಿಡಿಯಲು ಕಲಿತದ್ದು ಆ ಅಂಗಳದಲ್ಲಿ.

ಕುವೈತಿನ ಮಿರ್ಕಾಬ್ ಪೇಟೆಯ ಟ್ರೋಫಿ ಅಂಗಡಿಗೆ ಬಂದ ಮೇಲೆ ಅವನು ಕೊರೆದದ್ದು ಬರೀ ಹೆಸರುಗಳು. ಕಪ್ಪು ತೈವಾನಿನದು, ಪೀಠ ಚೀನಾದ್ದು, ಮೇಲೆ ನಿಂತು ಚೆಂಡು ಒದೆಯುವ ಚಿನ್ನದ ಬಣ್ಣದ ಗೊಂಬೆ ಎಲ್ಲಿಯದೋ. ಕೊನ್ರಾಡನದೆಂದರೆ ಕೆಳಗಿನ ತಗಡಿನ ಮೇಲೆ ಅವನ ಅಚ್ಚು ಒತ್ತಿದ ಎರಡು ಸಾಲು. ಕುವೈತಿನ ಅರ್ಧ ಜನಸಂಖ್ಯೆಯ ಹೆಸರನ್ನು ಅವನು ಕೊರೆದಿದ್ದ, ಉಳಿದರ್ಧ ಆಟದಲ್ಲಿ ಸೋತವರು.

ಅವನ ಜೇಬಿನಲ್ಲಿ, ಜಪಮಾಲೆಯ ಜೊತೆ, ಒಂದು ಹಳೆಯ ಕಂಚಿನ ನಾಣ್ಯ ಇರುತ್ತಿತ್ತು. ಅರ್ದಿಯಾದ ವರ್ಕ್‌ಶಾಪೊಂದರಲ್ಲಿ ಪ್ರೆಸ್ ಯಂತ್ರ ನಡೆಸುವ ಇಬ್ರಾಹಿಂ ಖಲೀಲ್ ಎಂಬ ಬ್ಯಾರಿ ಗೆಳೆಯನೊಡನೆ ಶುಕ್ರವಾರದ ಸಂತೆಗೆ ಹೋದಾಗ ಹಳೆಯ ಬೀಗದ ಕೈಗಳ ರಾಶಿಯಲ್ಲಿ ಸಿಕ್ಕಿದ್ದು. ಒಂದು ಕಡೆ ಎಲೆಗಳ ದಂಡೆ ಮುಡಿದ ಒಬ್ಬ ರಾಜನ ಅರೆಮುಖ: ಗೂಳಿಯ ಕುತ್ತಿಗೆ, ಕತ್ತರಿಸಿದ ಗಡ್ಡ, ಮೇಜಿನ ಮೂಲೆಯಂಥ ಗದ್ದ. ಇನ್ನೊಂದು ಕಡೆ ಅಕ್ಕಿ ಅಳೆಯುವ ಸೇರನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತ ಮನುಷ್ಯ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಹಣ್ಣು ತುಂಬಿದ ಕೊಂಬು, ಮೈಮೇಲೆ ಹೆಗಲಿನ ಒಂದು ಶಾಲು ಬಿಟ್ಟರೆ ಏನೂ ಇಲ್ಲ. ಯಾವ ರಾಜ, ಯಾವ ಊರು, ಕೊನ್ರಾಡನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

“ಇದನ್ನು ಕೊರೆದವನು ಸಂಬಳಕ್ಕೆ ದುಡಿದವನು ಮಾರಾಯ್ರೆ,” ಎಂದು ಭೂತಗನ್ನಡಿ ಹಿಡಿದು, ಕನ್ನಡ ಸಂಘದ ಗೆಳೆಯನಾದ ನನಗೆ ತೋರಿಸುತ್ತಿದ್ದ. “ಕಿವಿ ನೋಡಿ. ಕಿವಿ ಕೊರೆಯುವಾಗ ಅವನಿಗೆ ಊಟದ ಹೊತ್ತಾಗಿದೆ. ಗದ್ದ ಮಾತ್ರ ಬೆಳಿಗ್ಗೆ ಬಂದ ಕೂಡಲೇ ಕೊರೆದದ್ದು.”

೨೦೦೪ರಲ್ಲಿ ಅಂಗಡಿಗೆ ಲೇಸರ್ ಯಂತ್ರ ಬಂತು. ಕೊನ್ರಾಡ್ ಅರ್ಧ ದಿನ ಕೂತು ಕೊರೆಯುವುದನ್ನು ಅದು ಒಂದು ಸೀನು ಮುಗಿಯುವುದರೊಳಗೆ ಮುಗಿಸುತ್ತಿತ್ತು. ವೀಸಾ ಕೊಟ್ಟಿದ್ದ ಯಜಮಾನ, ಕಫೀಲ್, ಒಳ್ಳೆಯ ಮನುಷ್ಯ, ಚಹಾ ಕುಡಿಸಿಯೇ ವಿಷಯ ಹೇಳಿದ: ಮಾರ್ಚಿಗೆ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿಯುತ್ತದೆ, ಮತ್ತೆ ಮಾಡಿಸುವುದಿಲ್ಲ, ಖಲಾಸ್. ಕೊನ್ರಾಡನಿಗೆ ಊರಿಗೆ ಹೋಗುವ ದುಃಖವಿರಲಿಲ್ಲ. ಹೋಗುವ ಮೊದಲು ಆದಿಯಿಂದ ಅಂತ್ಯದವರೆಗೆ ತಾನೇ ಕೊರೆದ ವಸ್ತುವೊಂದನ್ನು ಜನ ಕೈಯಲ್ಲಿ ಹಿಡಿದು ನೋಡಬೇಕು ಎಂಬುದೊಂದೇ ಆಸೆ. “ಬೇರೆಯವರ ಕಪ್ಪಿನ ಕೆಳಗೆ ಎರಡು ಸಾಲು ಬರೆದು ಬರೆದು ಸಾಕಾಗಿದೆ,” ಎಂದ.

ಆಸೆಗೆ ಸರಿಯಾಗಿ ಫೆಬ್ರವರಿ ಕೊನೆಗೆ ನಮ್ಮ ಕನ್ನಡ ಸಂಘದ ಬೆಳ್ಳಿಹಬ್ಬ ಬಂತು. ಅಧ್ಯಕ್ಷರು ಲಕ್ಷ್ಮೀನರಸಿಂಹ, ಹಾಸನದ ಕಡೆಯ ಸಿವಿಲ್ ಎಂಜಿನಿಯರ್. ಹನ್ನೊಂದು ವರ್ಷದಿಂದ ಅವರೇ ಅಧ್ಯಕ್ಷರು. ಕುರ್ಚಿಯಿಂದ ಅವರು ಎದ್ದರೆ ಕುರ್ಚಿಯೂ ಜೊತೆಗೆ ಏಳುತ್ತಿತ್ತು. ಸ್ಮರಣಿಕೆ ಸಮಿತಿಯಲ್ಲಿ ನಾನಿದ್ದೆ. ಕೊನ್ರಾಡ್ ಪದಕ ಮಾಡಿಕೊಡುತ್ತಾನೆ, ಕಂಚಿನದು, ಇನ್ನೂರೈವತ್ತು, ಎಂದೆ. ಅಧ್ಯಕ್ಷರು ಅಷ್ಟು ಆಸಕ್ತಿ ತೋರಲಿಲ್ಲ. ಅದರ ಒಂದು ಬದಿಯಲ್ಲಿ ತಮ್ಮ ಅರೆಮುಖ ಇರುತ್ತದೆ ಎಂದಾಗ ಸಭೆ ಎರಡು ನಿಮಿಷದಲ್ಲಿ ಮುಗಿಯಿತು.

ತೊಂದರೆ ಶುರುವಾದದ್ದು ಗದ್ದದಿಂದ. ಲಕ್ಷ್ಮೀನರಸಿಂಹರಿಗೆ ಎದುರಿನಿಂದ ನೋಡಿದರೆ ಎಲ್ಲವೂ ಇತ್ತು. ಪಕ್ಕದಿಂದ ನೋಡಿದರೆ ತುಟಿ ಮುಗಿದ ಕೂಡಲೇ ಟೈ ಶುರುವಾಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಅವರನ್ನು ಅಂಗಡಿಯಲ್ಲಿ ಕೂರಿಸಿ ಕೊನ್ರಾಡ್ ಚಿತ್ರ ಬರೆದುಕೊಂಡ, ಅಳಿಸಿದ, ಮತ್ತೆ ಬರೆದ.

“ಏನ್ರೀ ಕೊನ್ರಾಡ್, ಇದೇನ್ರೀ ಇಲ್ಲಿ ಖಾಲಿ?”

“ಅಲ್ಲಿ ಖಾಲಿಯೇ ಇರೋದು ಸಾರ್.”

“ಸ್ವಲ್ಪ ಕೊಡ್ರೀ. ನಿಮ್ಮ ಗಂಟೇನು ಹೋಗುತ್ತೆ?”

ಕೊನ್ರಾಡ್ ಜೇಬಿನಿಂದ ನಾಣ್ಯ ತೆಗೆದು, ರಾಜನ ಗದ್ದವನ್ನು ಎರವಲು ತಂದು ಅಧ್ಯಕ್ಷರಿಗೆ ಜೋಡಿಸಿದ. ಅಷ್ಟು ದೊಡ್ಡ ಗದ್ದ ಹೊರಲು ಅವರ ಕುತ್ತಿಗೆ ಸಾಲದು, ಕುತ್ತಿಗೆಯನ್ನೂ ತಂದ. ಬೋಳುತಲೆಗೆ ಎಲೆಯ ದಂಡೆ. ಅಧ್ಯಕ್ಷರು ಮೈಸೂರು ಪೇಟ ಕೇಳಿದರು. ಗೂಳಿಯ ಕುತ್ತಿಗೆಯ ಮೇಲೆ ಪೇಟ ಕೂತರೆ ಮದುವೆ ಮಂಟಪದ ಬಾಗಿಲಲ್ಲಿ ನಿಲ್ಲಿಸಿದ ಪೈಲ್ವಾನನಂತೆ ಕಾಣುತ್ತದೆ ಎಂದು ಸಮಾಧಾನ ಮಾಡಬೇಕಾಯಿತು. ಇದು ಯಾವ ಎಲೆ ಎಂದು ಕೇಳಿದಾಗ ಕೊನ್ರಾಡ್ ಮಾವಿನದು ಎಂದುಬಿಟ್ಟ. ಬೆಳ್ಳಿಹಬ್ಬಕ್ಕೆ ತೋರಣ ಇದ್ದ ಹಾಗೂ ಆಯಿತು ಎಂದು ಅಧ್ಯಕ್ಷರು ಒಪ್ಪಿದರು.

ಕೊನೆಗೆ ಉಳಿದದ್ದು ಗಡ್ಡ. ಅಧ್ಯಕ್ಷರು ದಿನಕ್ಕೆ ಎರಡು ಸಲ ಕ್ಷೌರ ಮಾಡಿಕೊಳ್ಳುವವರು. ಆದರೆ ಆ ಗಡ್ಡವಿಲ್ಲದೆ ಆ ಗದ್ದ ನಿಲ್ಲುತ್ತಿರಲಿಲ್ಲ.

“ನೀವು ಕೊರೀರಿ,” ಎಂದರು ಬಹಳ ಯೋಚಿಸಿ. “ನಾನು ಬಿಟ್ಕೋತೀನಿ.”

ಹೀಗೆ ನಾಣ್ಯಕ್ಕೆ ಸರಿಹೊಂದಲು ಮನುಷ್ಯನೇ ಬೆಳೆಯತೊಡಗಿದ.

ಅಚ್ಚು ಎಂದರೆ ತಗ್ಗು. ಅದರಲ್ಲಿ ಕೊರೆದಷ್ಟೂ ಪದಕದಲ್ಲಿ ಉಬ್ಬುತ್ತದೆ. ಮುಖ ಹೇಗೆ ಬಂದಿದೆ ಎಂದು ನೋಡಲು ಏನಾದರೂ ಮೆತ್ತಗಿನದನ್ನು ಒತ್ತಿ ತೆಗೆಯಬೇಕು. ಕೊನ್ರಾಡ್ ಅಚ್ಚನ್ನು ಮನೆಗೆ ತಂದು ಚಪಾತಿ ಹಿಟ್ಟಿನಲ್ಲಿ ಒತ್ತುತ್ತಿದ್ದ. ಹೆಂಡತಿ ಮೊಲ್ಲಿ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್, ಯಾವುದನ್ನೂ ಬಿಸಾಡುವವಳಲ್ಲ. ಆ ಮೂರು ತಿಂಗಳಲ್ಲಿ ಆ ಮನೆಯವರು ಸುಮಾರು ನಾನೂರು ಅಧ್ಯಕ್ಷರನ್ನು ಪಲ್ಯದ ಜೊತೆ ತಿಂದರು. ನಾನೂ ಇಬ್ಬರನ್ನು ತಿಂದಿದ್ದೇನೆ.

“ಈ ಜನಕ್ಕೆ ಥೈರಾಯ್ಡ್ ಉಂಟು,” ಎಂದಳು ಮೊಲ್ಲಿ ಒಂದು ಮುಖವನ್ನು ಬೆರಳಲ್ಲಿ ಒತ್ತಿ ನೋಡಿ. “ಕುತ್ತಿಗೆ ನೋಡಿ. ಒಮ್ಮೆ ರಕ್ತ ಪರೀಕ್ಷೆ ಮಾಡಿಸ್ಲಿಕ್ಕೆ ಹೇಳಿ.”

ನಾಣ್ಯದಿಂದ ಪದಕದ ಹಿಂಬದಿಗೆ ತಂದ ಸೇರಿನ ಮನುಷ್ಯನಿಗೆ ಮಾತ್ರ ಕೊನ್ರಾಡ್ ಯಾರನ್ನೂ ಕೂರಿಸಲಿಲ್ಲ. ಅಡುಗೆ ಸಮಿತಿಯ ಮೋನಪ್ಪನನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದ, ಕಣ್ಣು ಮುಚ್ಚಿ ಕೊರೆದ. ಆರುನೂರು ಜನರ ಊಟದ ದಿನ ಎರಡು ಕೈಯೂ ತುಂಬಿದ್ದರೆ ಮೋನಪ್ಪ ಅಕ್ಕಿಯ ಸೇರನ್ನು ತಲೆಯ ಮೇಲೆ ಬೋರಲು ಹಾಕಿಕೊಂಡೇ ಓಡಾಡುತ್ತಿದ್ದ. ಹಣ್ಣಿನ ಕೊಂಬಿನ ಬದಲು, ವಿಮಾನದಲ್ಲಿ ಬರುವ ಬಾಳೆಎಲೆಯ ಸುರುಳಿ ಕಂಕುಳಿಗೆ ಬಂತು. ಶಾಲಿನ ಕೆಳಗೆ ಒಂದು ಲುಂಗಿ ಉಡಿಸಿದ್ದಾಯಿತು.

ಅಚ್ಚು ಮುಗಿಯಿತು. ಇಬ್ರಾಹಿಂ ಖಲೀಲನ ಪ್ರೆಸ್ಸಿನಲ್ಲಿ ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಸಂಘದ ವಾರ್ಷಿಕ ಸಭೆ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಎದುರಾಳಿಯೊಬ್ಬರು ನಿಂತಿದ್ದರು: ಶ್ಯಾಮಸುಂದರ್, ಬ್ಯಾಂಕಿನವರು, ಮೃದು ಮಾತು, ಬಿಡುವಿನಲ್ಲಿ ಹಳೆಯ ನಾಣ್ಯ ಸಂಗ್ರಹಿಸುವವರು. ಗೆಲ್ಲುವ ಯೋಚನೆ ಅವರಿಗೇ ಇರಲಿಲ್ಲ. ಆದರೆ ಎರಡು ಮತದಿಂದ ಗೆದ್ದರು. ಲಕ್ಷ್ಮೀನರಸಿಂಹರಿಗೆಂದೇ ದೂರದ ಫಹಾಹೀಲಿನಿಂದ ಒಂದೇ ಕಾರಿನಲ್ಲಿ ಬಂದ ಮೂವರು ಸಭಾಂಗಣವನ್ನೆಲ್ಲ ಹುಡುಕಿ, ಅಧ್ಯಕ್ಷರು ಬಂದೇ ಇಲ್ಲ, ಯಾರೋ ಗಡ್ಡದವರು ಅವರ ಕುರ್ಚಿಯಲ್ಲಿ ಕೂತಿದ್ದಾರೆ ಎಂದು ಬೇಸರಪಟ್ಟು ವಾಪಸು ಹೋದರು ಎಂಬುದು ನಾನು ಕೇಳಿದ ಸುದ್ದಿ. ಹೇಳಿದ್ದು ನಾನೇ ಆದರೂ ನಂಬಬಹುದು.

ಹೊಸ ಸಮಿತಿಯ ಮೊದಲ ನಿರ್ಣಯ: ಹಿಂದಿನ ಅಧ್ಯಕ್ಷರ ಮುಖವಿರುವ ಯಾವ ವಸ್ತುವನ್ನೂ ಬೆಳ್ಳಿಹಬ್ಬದಲ್ಲಿ ಹಂಚಬಾರದು. ಬದಲಿಗೆ ಗೋಡೆ ಗಡಿಯಾರ. ಹಬ್ಬಕ್ಕೆ ಹನ್ನೆರಡು ದಿನ ಇತ್ತು, ಕೊನ್ರಾಡನ ವಿಮಾನಕ್ಕೆ ಹದಿನೇಳು.

ಸುದ್ದಿ ಹೇಳಲು ಹೋದಾಗ ಅವನು ಅಚ್ಚಿಗೆ ಎಣ್ಣೆ ಸವರುತ್ತಿದ್ದ. ಸವರುತ್ತಲೇ ಇದ್ದ. ಆ ಎಣ್ಣೆಯಲ್ಲಿ ಎರಡು ಮದುವೆಯ ಪೂರಿ ಕರಿಯಬಹುದಿತ್ತು.

“ಹೊಸ ಮುಖ ಕೊರೆಯಲಿಕ್ಕೆ ಹನ್ನೆರಡು ದಿನ ಸಾಲದು,” ಎಂದ ಕೊನೆಗೆ. “ಮೂರು ತಿಂಗಳಿನ ಕೆಲಸ ಇದು.”

“ನಾಣ್ಯ ಇಟ್ಕೊಂಡು ಬಾ,” ಎಂದೆ. “ಶ್ಯಾಮಸುಂದರ್ ಮನೆಗೆ ಹೋಗೋಣ. ಪದಕದ ಮುಖ ಲಕ್ಷ್ಮೀನರಸಿಂಹರದೋ, ನಾಣ್ಯದ ರಾಜನದೋ ಅಂತ ಅವರೇ ಹೇಳಲಿ.”

ಶ್ಯಾಮಸುಂದರ್ ನಾಣ್ಯವನ್ನೂ ಸೀಸದಲ್ಲಿ ಒತ್ತಿದ ಪದಕದ ಮಾದರಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ದೀಪ ಹತ್ತಿರ ಎಳೆದುಕೊಂಡರು. ಬ್ಯಾಂಕಿನವರು ಕಳ್ಳನೋಟು ನೋಡುವಂತೆ ಐದು ನಿಮಿಷ ನೋಡಿದರು. ಆಮೇಲೆ ಅವರ ದನಿಯೇ ಬದಲಾಯಿತು.

“ಕೊನ್ರಾಡ್, ಇದು ಡಯೋಕ್ಲೀಶಿಯನ್ ಕಣ್ರೀ. ರೋಮಿನ ಚಕ್ರವರ್ತಿ. ಸಾವಿರದ ಏಳುನೂರು ವರ್ಷ ಆಯ್ತು.”

“ಹಾಗಾದ್ರೆ ಲಕ್ಷ್ಮೀನರಸಿಂಹ ಸಾರ್ ಅಲ್ಲವಾ?”

“ಅವರದು ಅಂತ ಇದರಲ್ಲಿ ಕಿವಿ ಒಂದೇ.” ಅವರು ಕಪಾಟಿನಿಂದ ಒಂದು ಪುಸ್ತಕ ತೆಗೆದು ಪುಟ ಬಿಡಿಸಿದರು. “ಈತ ರಾಜ್ಯವನ್ನ ನಾಲ್ಕು ಜನ ಸೇರಿ ಆಳಬೇಕು ಅಂತ ಏರ್ಪಾಡು ಮಾಡಿದ. ನೋಡಿ, ನಾಲ್ಕು ಜನರ ನಾಣ್ಯ. ಅದೇ ಕುತ್ತಿಗೆ, ಅದೇ ಗಡ್ಡ, ಅದೇ ಗದ್ದ. ನಾಲ್ವರಿಗೂ ಒಂದೇ ಮುಖ, ಸುತ್ತಲಿನ ಹೆಸರು ಮಾತ್ರ ಬೇರೆ.”

ಪುಟದ ಕಡೆಗೆ ಬಾಗಿ ನೋಡುತ್ತಿದ್ದ ಕೊನ್ರಾಡ್ ನಿಧಾನವಾಗಿ ನೆಟ್ಟಗಾದ. “ಇದರಲ್ಲೂ ಹೆಸರು ಬೇರೆ ಮಾಡಬಹುದು ಸಾರ್. ಅಕ್ಷರ ನಾನು ಮುಖದ ಅಚ್ಚಿನಲ್ಲಿ ಕೊರೆಯಲೇ ಇಲ್ಲ. ಸುತ್ತ ಒಂದು ಉಕ್ಕಿನ ಬಳೆ ಮಾಡಿ ಅದರಲ್ಲಿ ಕೊರೆದದ್ದು. ಬಳೆ ಬದಲು ಮಾಡಿದ್ರೆ ಆಯ್ತು.”

“ಬಳೆ ಯಾಕೆ ಬೇರೆ ಮಾಡಿದಿರಿ?”

“ಅಪ್ಪ ಹೆಸರು ಯಾವಾಗಲೂ ಕೊನೆಗೇ ಹಾಕ್ತಿದ್ದದ್ದು. ಕೈಗೆ ಅದೇ ಅಭ್ಯಾಸ.”

ಶ್ಯಾಮಸುಂದರ್ ಪುಸ್ತಕ ಮುಚ್ಚಿಟ್ಟರು. ಆಮೇಲೆ, ಯಾರೂ ಏನೂ ಕೇಳದಿದ್ದರೂ, ತಮ್ಮ ನುಣುಪಾದ ಕೆನ್ನೆ ಸವರಿಕೊಂಡು, “ಹನ್ನೆರಡು ದಿನದಲ್ಲಿ ಎಷ್ಟು ಗಡ್ಡ ಬರುತ್ತೆ?” ಎಂದರು.

ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಕೊನ್ರಾಡ್ ಇನ್ನೊಂದು ಪ್ರಶ್ನೆ ಕೇಳಿದ. ನಾಣ್ಯದಲ್ಲಿ ಸೇರಿನ ಮನುಷ್ಯನ ಕಾಲಡಿಯಲ್ಲಿ ಎರಡು ಮೂರು ಸಣ್ಣ ಅಕ್ಷರ ಇವೆಯಲ್ಲ, ಅದು ಯಾವ ರಾಜನ ಹೆಸರು?

“ರಾಜನದಲ್ಲ. ಟಂಕಸಾಲೆಯ ಗುರುತು. ಇದು ಅಂತಿಯೋಕ್ಯ ಅನ್ನೋ ಊರಿನದು. ಯಾವ ಊರಿನ ಟಂಕಸಾಲೆ, ಅದರಲ್ಲಿ ಯಾವ ಕಡೆಯ ಕೆಲಸಗಾರರು ಮಾಡಿದ್ದು ಅಂತ ತಿಳೀಲಿಕ್ಕೆ.”

“ಕೆಲಸಗಾರರದ್ದಾ?” ಎಂದ ಕೊನ್ರಾಡ್. ನಾವಿಬ್ಬರೂ ಅವನ ಮನೆಗೆ ಬರುವವರೆಗೆ ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸುತ್ತಲೇ ಇದ್ದ.

ಮನೆಯಲ್ಲಿ ಮೊಲ್ಲಿ ಕಾಯುತ್ತಿದ್ದಳು. ಕೆಲಸ ಆಯಿತೇ ಎಂದಳು, ಆಯಿತು ಎಂದ. ಯಾವ ರಾಜ ಎಂದಳು, ಹೇಳಿದ. ಮೊಲ್ಲಿ ಸೌಟು ಕೆಳಗಿಟ್ಟಳು.

“ಡಯೋಕ್ಲೀಶಿಯನ್ ಹೇಳಿದ್ರೆ? ಕ್ರೈಸ್ತರನ್ನೆಲ್ಲ ಕೊಲ್ಲಿಸಿದವನು. ಸಂತ ಸೆಬಾಸ್ಟಿಯನನ್ನು ಕಂಬಕ್ಕೆ ಕಟ್ಟಿ ಬಾಣ ಬಿಡಿಸಿದವನು ಅವನೇ ಅಲ್ಲವಾ? ಬಸ್ತ್ಯಾಂವನ ಮಗ ಆಗಿ ನೀವು ಅವನನ್ನು ಜಪಮಾಲೆಯ ಜೊತೆ ಇಟ್ಕೊಂಡು ತಿರುಗಿದ್ದಾ? ನಾನು ಅವನನ್ನು ಲಟ್ಟಿಸಿ ಮಕ್ಕಳಿಗೆ ತಿನ್ಸಿದ್ದಾ?”

“ತಿಂದದ್ದು ಅವನನ್ನಲ್ಲವಾ,” ಎಂದೆ ನಾನು, ಸಹಾಯ ಆಗಲಿ ಎಂದು. “ಸೆಬಾಸ್ಟಿಯನರ ಪರವಾಗಿ ಒಳ್ಳೇ ಸೇಡು.”

ಮೊಲ್ಲಿ ನನ್ನ ಕಡೆ ನೋಡಿದ ರೀತಿಗೆ ನಾನು ಚಪ್ಪಲಿ ಹುಡುಕಿಕೊಂಡೆ. ನಾಣ್ಯ ನಾಳೆಯೇ ಮನೆಯಿಂದ ಹೊರಗೆ ಹೋಗಬೇಕು ಎಂದು ತೀರ್ಮಾನವಾಯಿತು. ಪದಕ ಹೋಗಬೇಕೆಂದು ಅವಳು ಹೇಳಲಿಲ್ಲ. ಆ ಮುಖ ಅದರಲ್ಲಿದ್ದರೆ ತಾನು ಬೆಳ್ಳಿಹಬ್ಬಕ್ಕೆ ಬರುವುದಿಲ್ಲ ಎಂದಷ್ಟೇ ಹೇಳಿದಳು. ಕೊನ್ರಾಡ್ ಉಳಿ ಎತ್ತಿಕೊಂಡು, “ಗದ್ದ ಒಂಚೂರು ಸರಿ ಮಾಡ್ಲಿಕ್ಕುಂಟು,” ಎಂದ.

ಮರುದಿನ ಅಂಗಡಿಗೆ ಶ್ಯಾಮಸುಂದರ್ ತಮ್ಮ ಹೆಸರಿನ ಅಕ್ಷರಗಳ ಪಟ್ಟಿ ಹಿಡಿದು ಬಂದರು, ಪದವಿಗಳ ಸಮೇತ. ಕೊನ್ರಾಡ್ ನಾಣ್ಯವನ್ನು ಅವರ ಕೈಗಿಟ್ಟು, ಮನೆಯಲ್ಲಿ ಇದಕ್ಕೆ ಜಾಗವಿಲ್ಲ, ನೀವೇ ಇಟ್ಟುಕೊಳ್ಳಿ ಎಂದ. ಅವರು ಅದನ್ನು ಮಗು ಹಿಡಿದಂತೆ ಹಿಡಿದು ನಿಂತಿರುವಾಗಲೇ ಬಾಗಿಲು ತಳ್ಳಿಕೊಂಡು ಲಕ್ಷ್ಮೀನರಸಿಂಹರು ಬಂದರು. ಗಡ್ಡ ಈಗ ಸಂಪೂರ್ಣ ಚಕ್ರವರ್ತಿಯದಾಗಿತ್ತು.

“ನನ್ನ ಮುಖಕ್ಕೆ ಇವರ ಹೆಸರು ಹಾಕ್ತೀರಂತೆ.”

“ಅದು ನಿಮ್ಮ ಮುಖ ಅಲ್ಲ ಸಾರ್, ಡಯೋಕ್ಲೀಶಿಯನ್,” ಎಂದರು ಶ್ಯಾಮಸುಂದರ್.

“ಮತ್ತೆ ನಾನ್ಯಾಕ್ರೀ ಗಡ್ಡ ಬಿಟ್ಟೆ? ಈ ಗಡ್ಡದಿಂದ ಕುರ್ಚಿ ಹೋಯ್ತು. ಮುಖಾನೂ ಹೋಗ್ಬೇಕಾ?”

“ಡಯೋಕ್ಲೀಶಿಯನ್ ತಾನಾಗೇ ಸಿಂಹಾಸನ ಬಿಟ್ಟವನು. ಊರಿಗೆ ಹೋಗಿ ಎಲೆಕೋಸು ಬೆಳೆದ. ವಾಪಸು ಬನ್ನಿ ಅಂತ ಕರೆದರೆ, ನನ್ನ ಕೋಸು ನೋಡಿದರೆ ನೀವು ಹಾಗೆ ಕರೀತಿರಲಿಲ್ಲ ಅಂದನಂತೆ.”

“ಎಲೆಕೋಸು,” ಎಂದರು ಲಕ್ಷ್ಮೀನರಸಿಂಹ, ಆ ತರಕಾರಿಯ ಮೇಲೆ ಹಳೆಯ ದ್ವೇಷ ಇದ್ದವರಂತೆ. “ಇವರ ಹೆಸರು ಅದರ ಮೇಲೆ ಬಂದರೆ ನನ್ನ ಕಡೆಯ ಎಪ್ಪತ್ತು ಮನೆಯವರು ಹಬ್ಬಕ್ಕೆ ಬರಲ್ಲ.”

“ನಿಮ್ಮ ಹೆಸರು ಬಂದರೆ ಸಮಿತಿ ಹಂಚಲ್ಲ,” ಎಂದರು ಶ್ಯಾಮಸುಂದರ್. “ಗಡಿಯಾರಕ್ಕೆ ಹೇಳಿಯಾಗಿದೆ.”

ಇಬ್ಬರೂ ಕೊನ್ರಾಡನ ಕಡೆ ತಿರುಗಿದರು. ಅವನು ಮೇಜಿನ ಮೇಲಿದ್ದ ಉಕ್ಕಿನ ಬಳೆಯನ್ನು ಎತ್ತಿ, ಬಟ್ಟೆಯಲ್ಲಿ ಒರೆಸಿ, ಡ್ರಾಯರಿಗೆ ಹಾಕಿ ಮುಚ್ಚಿದ.

“ಊರಲ್ಲಿ ಒಮ್ಮೆ ಹೀಗೇ ಆಗಿತ್ತು,” ಎಂದ. “ಒಬ್ಬರು ತೀರಿಹೋದ್ರು. ಕಲ್ಲಿನ ಮೇಲೆ ಮನೆತನದ ಹೆಸರು ಯಾವುದು ಬರಬೇಕು ಅಂತ ಅಣ್ಣತಮ್ಮಂದಿರಿಗೆ ಜಗಳ. ಅಪ್ಪ ಹೆಸರೇ ಇಲ್ಲದೆ ಕಲ್ಲು ನಿಲ್ಲಿಸಿಬಿಟ್ರು. ಯಾರು ಮಲಗಿದ್ದಾರೆ ಅಂತ ಊರಿಗೆಲ್ಲ ಗೊತ್ತಿತ್ತಲ್ಲ. ಹೂ ಇಡುವವರು ಇಡ್ತಾನೇ ಇದ್ರು. ನಾನು ಹೊಸ ಬಳೆ ಮಾಡ್ತೇನೆ ಸಾರ್. ಕನ್ನಡ ಸಂಘ, ಕುವೈತ್, ಬೆಳ್ಳಿಹಬ್ಬ, ಅಷ್ಟೇ. ಹೆಸರು ಬೇಡ.”

ಮೊದಲು ತಲೆಯಾಡಿಸಿದವರು ಲಕ್ಷ್ಮೀನರಸಿಂಹ. ಹೆಸರಿಲ್ಲದಿದ್ದರೂ ನೋಡಿದ ಕೂಡಲೇ ಜನಕ್ಕೆ ಗೊತ್ತಾಗುತ್ತದೆ ಎಂದು ಗಡ್ಡ ನೀವಿಕೊಂಡರು. ಹೌದು, ಖಂಡಿತ ಗೊತ್ತಾಗುತ್ತದೆ ಎಂದರು ಶ್ಯಾಮಸುಂದರ್, ಒಂದು ದಿನದ ಗಡ್ಡ ನೀವಿಕೊಂಡು.

ಅರ್ದಿಯಾದಲ್ಲಿ ಪದಕ ಒತ್ತಿದ ದಿನ ಇಬ್ರಾಹಿಂ ಖಲೀಲ್ ಮೊದಲನೆಯದನ್ನು ಇಕ್ಕಳದಲ್ಲಿ ಹೊರತೆಗೆದು, ತಿರುಗಿಸಿ ನೋಡಿ, ಮುಖದ ಬಗ್ಗೆ ಏನೂ ಹೇಳದೆ, “ಕೊನ್ರಾಡಣ್ಣ, ಇದು ನಮ್ಮ ಮೋನಪ್ಪಣ್ಣ ಅಲ್ಲವಾ,” ಎಂದ. “ಯಲ್ಲಾ, ಬೇಗ ಬೇಗ, ಇನ್ನೂರ ನಲವತ್ತೊಂಬತ್ತು ಬಾಕಿ.”

ಬೆಳ್ಳಿಹಬ್ಬದ ದಿನ ಸಾಲ್ಮಿಯಾದ ಶಾಲೆಯ ಸಭಾಂಗಣದಲ್ಲಿ ಎಲ್ಲರೂ ಅದನ್ನೇ ಹೇಳಿದರು. ಮುಂದಿನ ಮುಖವನ್ನು ಅರೆಗಳಿಗೆ ನೋಡಿ, ಯಾರೋ ದೊಡ್ಡವರಿರಬೇಕು ಎಂದು ಗೌರವದಿಂದ ತಿರುಗಿಸುತ್ತಿದ್ದರು. ಹಿಂದೆ ನೋಡಿದ ಕೂಡಲೇ ಕೂಗಿ ಕರೆದು ತೋರಿಸುತ್ತಿದ್ದರು. ಮೋನಪ್ಪ ಸಾಂಬಾರಿನ ಬಕೆಟ್ ಹಿಡಿದುಕೊಂಡೇ ಬಂದು, ಕಂಚಿನಲ್ಲಿ ತನ್ನನ್ನು ನೋಡಿ, “ಲುಂಗಿ ಸ್ವಲ್ಪ ಮೇಲೆ ಕಟ್ಟಿದ್ದೀರಿ,” ಎಂದಷ್ಟೇ ಹೇಳಿ ಬಡಿಸಲು ಹೋದ. ಆ ಸಂಜೆ ಅವನು ಬಡಿಸಿದ ಸಾಂಬಾರಿನಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು.

ಕೊನೆಯ ಪದಕ ಕೊನ್ರಾಡನಿಗೆ. ವೇದಿಕೆಯ ಮೇಲೆ ಒಬ್ಬರು ಪೂರ್ತಿ ಗಡ್ಡದವರು, ಇನ್ನೊಬ್ಬರು ಅರ್ಧ ಗಡ್ಡದವರು, ಇಬ್ಬರೂ ಪಕ್ಕಕ್ಕೆ ತಿರುಗಿ ಕ್ಯಾಮೆರಾಕ್ಕೆ ಅರೆಮುಖ ಕೊಟ್ಟು ನಿಂತು ಅವನಿಗೆ ಪದಕ ಕೊಟ್ಟರು. ಮೊಲ್ಲಿ ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಅವಳು ಬಂದಳಲ್ಲ ಎಂದು ನನಗೆ ಆಶ್ಚರ್ಯ. ಕೊನ್ರಾಡ್ ಮುಖದ ಕಡೆ ನೋಡದೆ ಪದಕ ತಿರುಗಿಸಿ ಮೋನಪ್ಪನ ಕಾಲಡಿಯಲ್ಲಿ ಹೆಬ್ಬೆರಳು ಇಟ್ಟ. ಅಲ್ಲಿ ಸಾಸಿವೆಯಷ್ಟು ಸಣ್ಣ ಒಂದು ‘ಕೊ’ ಇದೆ.

ಐದನೆಯ ದಿನ ಅವನು ವಿಮಾನ ಹತ್ತಿದ. ವಿಮಾನ ನಿಲ್ದಾಣದಲ್ಲಿ ಕೇಳಿದೆ, ಡಯೋಕ್ಲೀಶಿಯನ್ ಇದ್ದರೆ ಹಬ್ಬಕ್ಕೆ ಬರುವುದಿಲ್ಲ ಎಂದಿದ್ದ ಮೊಲ್ಲಿ ಹೇಗೆ ಒಪ್ಪಿದಳು?

“ಪದಕದಲ್ಲಿ ಅವನು ಈಗ ಎಲ್ಲಿದ್ದಾನೆ?” ಎಂದ ಕೊನ್ರಾಡ್. “ಅಚ್ಚಿನಲ್ಲಿ ಗದ್ದ ದೊಡ್ಡದು ಮಾಡಬಹುದು, ಸಣ್ಣದು ಮಾಡ್ಲಿಕ್ಕೆ ಆಗುವುದಿಲ್ಲ. ದೊಡ್ಡದು ಮಾಡ್ತಾ ಹೋದೆ. ಮೂಗೂ ಒಂಚೂರು. ಮೊಲ್ಲಿ ಹಿಟ್ಟಿನಲ್ಲಿ ಒತ್ತಿ ನೋಡಿ, ಓ ಮಾವ, ಅಂದಳು. ನಮ್ಮಪ್ಪಂದು ಮಾರಾಯ್ರೆ ಆ ಗದ್ದ. ಊರಿಗೆಲ್ಲ ಕಲ್ಲು ಕೆತ್ತಿದ್ರು, ಅವರದ್ದೊಂದು ಫೋಟೋ ಸಹ ಇಲ್ಲ.”

ಈ ಗುಟ್ಟನ್ನು ನಾನು ಇಬ್ಬರು ಅಧ್ಯಕ್ಷರಿಗೂ ಹೇಳಿಲ್ಲ. ಶ್ಯಾಮಸುಂದರರ ಮನೆಯ ಕಪಾಟಿನಲ್ಲಿ ಪದಕ ಮತ್ತು ನಾಣ್ಯ ಪಕ್ಕಪಕ್ಕದಲ್ಲಿವೆ. ಬಂದವರಿಗೆಲ್ಲ ಅವರು ಅದನ್ನು ತೋರಿಸಿ ತಾವು ಸ್ವಲ್ಪ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಲಕ್ಷ್ಮೀನರಸಿಂಹರು ನಿವೃತ್ತರಾಗಿ ಹಾಸನದಲ್ಲಿದ್ದಾರೆ. ಗಡ್ಡ ತೆಗೆದಿಲ್ಲ. ಹೋದ ವರ್ಷ ಫೋನಿನಲ್ಲಿ ಮಾತಾಡುವಾಗ, ಹಿತ್ತಲಲ್ಲಿ ಏನೋ ಹಾಕಿದ್ದೇನೆ, ಬಂದು ನೋಡಿ ಎಂದರು. ಏನು ಸಾರ್ ಎಂದೆ. ಸ್ವಲ್ಪ ತಡೆದು, ಹೂಕೋಸು ಎಂದರು.